ಕಷ್ಟಕಾಲದಲ್ಲಿ ಕೊಟ್ಟವರಿಗೆ ಬಂದುದೇನು?

ಹೋಟೆಲಿನವರ ಪ್ರಶ್ನೆಗಳು ಸುತ್ತಿ ಬಳಸಿ ಬರುವುದಿಲ್ಲ. ಮೊನ್ನೆ ಪುಣೆಯಿಂದ ಬಾರಾಮತಿಗೆ ಬಂದಿದ್ದ ನಮ್ಮ ಹಳೆಯ ಸ್ನೇಹಿತರೊಬ್ಬರು, ಒಂದು ಕಾಲಕ್ಕೆ ನಮ್ಮೊಡನೆ ಒಂದೇ ಮೋರಿಯಲ್ಲಿ ಕುಳಿತು ಕಪ್ಪುಬಸಿ ತೊಳೆದವರು, ಈಗ ಸ್ವಂತ ಹೋಟೆಲಿನ ಯಜಮಾನರು, ಚಹದ ಲೋಟವನ್ನು ನಮ್ಮ ಮೇಜಿನ ಮೇಲಿಡುತ್ತ ಕೇಳಿದರು: “2020ರಲ್ಲಿ ಎಲ್ಲ ಬಂದ್ ಆಗಿದ್ದಾಗ ಎರಡು ತಿಂಗಳು ಬಂದವರಿಗೆಲ್ಲ ಅನ್ನ ಹಾಕಿದಿರಲ್ಲ ಮಾರಾಯರೇ, ಕೈಯಿಂದ ಹೋದದ್ದು ಎಷ್ಟೆಂದು ನನಗೂ ಅಂದಾಜಿದೆ. ಬಂದದ್ದೇನು? ಅದನ್ನು ಹೇಳಿ.”

ಈ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅವರಿಗಿದ್ದ ಎರಡು ಹೋಟೆಲುಗಳಲ್ಲಿ ಒಂದು ಆ ವರ್ಷ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಬಾಡಿಗೆಯ ನೋಟೀಸು, ಬ್ಯಾಂಕಿನ ಕಂತು, ಊರಿಗೆ ಹೊರಟ ಹುಡುಗರ ಬಾಕಿ ಸಂಬಳ, ಇವುಗಳ ನಡುವೆ ಸಿಕ್ಕಿ ಅವರು ಯಾರಿಗೂ ಏನನ್ನೂ ಕೊಡಲಾರದೆ ಹೋದರು. ಅದು ಇಂದಿಗೂ ಅವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿರುವುದನ್ನು ನಾವು ಬಲ್ಲೆವು. ಅಂಥವರಿಗೆ ‘ಕೊಟ್ಟರೆ ಪುಣ್ಯ ಬರುತ್ತದೆ’ ಎಂದು ಹೇಳಿ ಕಳುಹಿಸಿಬಿಡುವುದು ಸುಲಭ. ಆದರೆ ಗಲ್ಲೆಯ ಮೇಲೆ ಕುಳಿತು ಬದುಕಿದವರಿಗೆ ಅದು ಉತ್ತರವಾಗಲಾರದು. ಆದುದರಿಂದ ಈ ಲೆಕ್ಕವನ್ನು ವಾಚಕರ ಮುಂದೆಯೇ ಬಿಚ್ಚಿಡಬೇಕೆಂದು ಬಗೆದೆವು. ಎಸ್‌ಎಸ್‌ಎಲ್‌ಸಿ ಮುಗಿಸಿದ ವರ್ಷವೇ ಊರು ಬಿಟ್ಟು ಘಟ್ಟ ಹತ್ತಿದ ನಮಗೆ ಶಾಸ್ತ್ರಜ್ಞಾನವಿಲ್ಲ. ಜಮಾಖರ್ಚು ಬರೆಯುವುದೊಂದು ಬರುತ್ತದೆ. ಆದರೆ ನಮ್ಮೊಬ್ಬರ ಲೆಕ್ಕಕ್ಕಿಂತ ಮೊದಲು, ನಮಗೆ ಅನ್ನ ಕೊಟ್ಟ ಈ ಊರಿನ ಲೆಕ್ಕವನ್ನು ನೋಡುವುದು ನ್ಯಾಯ.

ಬಾರಾಮತಿಗೆ ಇಂದು ಬರುವವರು ಕಬ್ಬಿನ ಗದ್ದೆಗಳನ್ನೂ ದ್ರಾಕ್ಷಿಯ ತೋಟಗಳನ್ನೂ ಸಕ್ಕರೆ ಕಾರ್ಖಾನೆಗಳ ಚಿಮಣಿಗಳನ್ನೂ ಕಂಡು, ಇದು ಹುಟ್ಟಿನಿಂದಲೇ ಸಿರಿವಂತವಾದ ಸೀಮೆಯೆಂದು ತಿಳಿಯುತ್ತಾರೆ. ಹಾಗಲ್ಲ. ಪುಣೆಯಿಂದ ಆಗ್ನೇಯಕ್ಕೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಕರ್ಹಾ ನದಿಯ ದಂಡೆಯ ಮೇಲಿರುವ ಈ ಊರು ಮಳೆಯ ನೆರಳಿನಲ್ಲಿದೆ. ಉಡುಪಿಯ ಕಡೆ ವರ್ಷಕ್ಕೆ ನೂರೈವತ್ತು ಇಂಚು ಮಳೆ ನೋಡಿ ಬಂದ ನಮಗೆ, ಇಲ್ಲಿಯ ಇಪ್ಪತ್ತು ಇಂಚಿನ ಆಸುಪಾಸಿನ ಮಳೆ ಮೊದಲ ವರ್ಷ ಮಳೆಯೆಂದೇ ತೋರಲಿಲ್ಲ. ಈ ತಾಲೂಕಿಗೆ ಎರಡು ಮುಖಗಳಿವೆ. ದಕ್ಷಿಣದಲ್ಲಿ ನೀರಾ ನದಿಯ ಕಾಲುವೆಯ ನೀರುಂಡ ಬಾಗಾಯತು. ಉತ್ತರದಲ್ಲಿ ಆಕಾಶವನ್ನೇ ನಂಬಿದ ಜಿರಾಯತು. ಈ ಎರಡರ ನಡುವಿನ ವ್ಯತ್ಯಾಸವೆಲ್ಲ ಒಂದು ಕಾಲುವೆಯಿಂದ ಆದುದು, ಮತ್ತು ಆ ಕಾಲುವೆ ಹುಟ್ಟಿದ್ದು ಒಂದು ಬರಗಾಲದಲ್ಲಿ.

1876ರಲ್ಲಿ ಮಳೆ ಕೈಕೊಟ್ಟಿತು. ಆಗ ತಲೆದೋರಿದ ಕ್ಷಾಮವು 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿತು. ಪುಣೆ, ಸಾತಾರಾ, ಸೊಲ್ಲಾಪುರಗಳೂ ನಮ್ಮ ಕಲಾದಗಿ, ಧಾರವಾಡ, ಬೆಳಗಾವಿಗಳೂ ಅಂದು ಒಂದೇ ಮುಂಬಯಿ ಇಲಾಖೆಯ ಜಿಲ್ಲೆಗಳಾಗಿದ್ದುದರಿಂದ ಕನ್ನಡಿಗನೂ ಮರಾಠಿಗನೂ ಒಂದೇ ಸರಕಾರದ ಕೆಳಗೆ ಒಂದೇ ಹಸಿವನ್ನು ಅನುಭವಿಸಿದರು. ಬಳ್ಳಾರಿಯ ಕಡೆಯ ಪಾಡು, ಮೈಸೂರು ಸಂಸ್ಥಾನದ ಪಾಡು ಇನ್ನೂ ಘೋರವಾಗಿತ್ತು. ಸರಕಾರ ಪರಿಹಾರದ ಕಾಮಗಾರಿಗಳನ್ನೇನೋ ತೆರೆಯಿತು. ಆದರೆ ಖರ್ಚು ಉಳಿಸಲು ನಿಯುಕ್ತರಾದ ಸರ್ ರಿಚರ್ಡ್ ಟೆಂಪಲ್ ಸಾಹೇಬರು 1877ರ ಆರಂಭದಲ್ಲಿ, ಬಿಸಿಲಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಕಟ್ಟುಮಾಡಿದರು. ಒಂದು ಪೌಂಡು ಎಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಹೋಟೆಲಿನಲ್ಲಿ ಮೋರಿಯ ಹುಡುಗನಿಗೆ ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ನಾವು ಪ್ರಮಾಣ ಮಾಡಿ ಹೇಳಬಲ್ಲೆವು. ದಖ್ಖನಿನ ಕೂಲಿಕಾರರು ಸುಮ್ಮನೆ ತಲೆಬಾಗಲಿಲ್ಲ. ಕೆಲಸ ಬಿಟ್ಟು ಹೊರಗೆ ಬಂದರು. ಆಗ ಅವರ ಪರವಾಗಿ ನಿಂತುದು 1870ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ಸಾರ್ವಜನಿಕ ಸಭೆ. ‘ಸಾರ್ವಜನಿಕ ಕಾಕಾ’ ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಗಣೇಶ ವಾಸುದೇವ ಜೋಶಿಯವರು ಮತ್ತು ಅವರ ಜೊತೆಗಾರರು ಬರದ ನಾಡಿನ ನಿಜಸ್ಥಿತಿಯ ವರದಿಗಳನ್ನು ತರಿಸಿ, ಅವನ್ನು ಒಪ್ಪವಾಗಿ ಬರೆದು ಸರಕಾರದ ಮುಂದಿಟ್ಟರು. ಅನ್ನವಷ್ಟೇ ಅಲ್ಲ, ಬರವಣಿಗೆಯೂ ದಾನವಾಗಬಹುದೆಂದು ನಮಗೆ ಮೊದಲು ತೋರಿದ್ದು ಈ ಪ್ರಸಂಗವನ್ನು ಓದಿದಾಗ.

ಆ ಬರಗಾಲದ ಕಾಮಗಾರಿಯಾಗಿ ಆರಂಭವಾದುದೇ ನೀರಾ ಎಡದಂಡೆ ಕಾಲುವೆ. 1880ರ ದಶಕದಲ್ಲಿ ನೀರು ಹರಿಯಿತು. ಭಾಟಘರದ ಜಲಾಶಯದ ಆಸರೆಯಿಂದ ಇಂದಿಗೂ ಹರಿಯುತ್ತಿದೆ. ಅಗೆದವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಅವರು ದಾನಿಗಳಲ್ಲ, ಹಸಿದ ಕೂಲಿಗಳು. ಆದರೆ ಕಾಲುವೆಯ ಬದಿಯ ಕಬ್ಬಿನ ಗದ್ದೆಗೆ ಇಂದು ನೀರು ಹಾಯಿಸುವ ರೈತನು ಅವರಿಂದ ಪಡೆದುದನ್ನು ದಾನವೆನ್ನದೆ ಬೇರೇನೆಂದು ಕರೆಯುವುದು?

ಇನ್ನು ಉತ್ತರದ ಜಿರಾಯತಿನ ಕಥೆ. 1960ರ ದಶಕದ ನಡುವಿನ ವರ್ಷಗಳಲ್ಲಿ ಈ ಭಾಗಕ್ಕೆ ಬರ ಬಂದಾಗ, ಕ್ರೈಸ್ತ ಸಭೆಗಳ ಪರಿಹಾರ ಸಂಸ್ಥೆಯಾದ ‘ಕಾಸಾ’ದ ಮೂಲಕ ಗೋದಿ, ಎಣ್ಣೆ, ಹಾಲಿನ ಪುಡಿ ಬಂದವು. ಸಾಲು ನಿಲ್ಲಿಸಿ ಹಂಚಿಬಿಡಬಹುದಿತ್ತು. ಹಂಚಿದವರ ಭಾವಚಿತ್ರಗಳೂ ಪತ್ರಿಕೆಗಳಲ್ಲಿ ಬರುತ್ತಿದ್ದವು. ಆದರೆ ಇಲ್ಲಿಯ ಮಿಷನ್ನಿನ ಸೇವಕರೂ, 1967ರಲ್ಲಿ ಬಾರಾಮತಿಯಿಂದ ಶಾಸಕರಾದ ಅಂದಿನ ತರುಣ ಶರದ ಪವಾರರೂ ಬೇರೊಂದು ದಾರಿ ಹಿಡಿದರು. ಧಾನ್ಯವನ್ನು ಪುಕ್ಕಟೆ ಕೊಡುವ ಬದಲು ಕೂಲಿಯಾಗಿ ಕೊಟ್ಟು, ಹಳ್ಳಹಳ್ಳಗಳಿಗೆ ಅಡ್ಡವಾಗಿ ಮಣ್ಣಿನ ಏರಿಗಳನ್ನು ಕಟ್ಟಿಸಿದರು. ಇವನ್ನು ಮರಾಠಿಯಲ್ಲಿ ‘ಪಾಝರ್ ತಲಾವ್’ ಎನ್ನುತ್ತಾರೆ. ನಾವು ಇಂಗುಕೆರೆ ಎನ್ನಬಹುದು. ಈ ಕೆರೆಗೆ ತೂಬೂ ಇಲ್ಲ, ಕಾಲುವೆಯೂ ಇಲ್ಲ. ಎರಡು ಮೂರು ದೊಡ್ಡ ಮಳೆಗೆ ಹಳ್ಳದಲ್ಲಿ ಹರಿದು ಹೋಗಿಬಿಡುತ್ತಿದ್ದ ನೀರು ಏರಿಯ ಹಿಂದೆ ನಿಲ್ಲುತ್ತದೆ. ನಿಂತು ಮೆಲ್ಲನೆ ನೆಲಕ್ಕಿಳಿಯುತ್ತದೆ. ಕೆಳಗಿನ ಹೊಲಗಳ ಬಾವಿಗಳಲ್ಲಿ ಏಳುತ್ತದೆ. ಕೆರೆ ಕಟ್ಟಿದವನ ಹೊಲ ಒಂದು ಕಡೆ, ನೀರು ಕಂಡ ಬಾವಿ ಮತ್ತೊಂದು ಕಡೆ ಇರುವುದೂ ಉಂಟು. ಅದಕ್ಕಾಗಿ ಜಗಳಗಳೂ ಆಗಿರಬಹುದು, ನಾವೇನು ಮನುಷ್ಯಸ್ವಭಾವವನ್ನು ತಿಳಿಯದವರಲ್ಲ. ಆದರೂ ಈ ಕೆಲಸ ಬೆಳೆಯಿತು. 1970ರ ದಶಕದ ಆರಂಭದಲ್ಲಿ ಸ್ಥಾಪಿತವಾಗಿ, ಅಪ್ಪಾಸಾಹೇಬ ಪವಾರರ ಆರೈಕೆಯಲ್ಲಿ ಬೆಳೆದ ಕೃಷಿ ಅಭಿವೃದ್ಧಿ ಟ್ರಸ್ಟಿಗೆ ಬುನಾದಿಯಾದುದು ಇದೇ.

ಅಷ್ಟರಲ್ಲಿ 1972ರ ಮಹಾಬರ ಬಂದಿತು. ಇಲ್ಲಿಯ ಮುದುಕರು ಅದರ ಮಾತು ತೆಗೆದರೆ ಇಂದಿಗೂ ಎರಡು ತಿನಿಸುಗಳನ್ನು ನೆನೆಯುತ್ತಾರೆ: ಹಡಗಿನಲ್ಲಿ ಬಂದ ಕೆಂಪು ‘ಮಿಲೋ’ ಜೋಳ ಮತ್ತು ಕಾಮಗಾರಿಯ ಮೇಲೆ ಹಂಚುತ್ತಿದ್ದ ‘ಸುಖಡಿ’. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರು ಸುಮಾರು 50 ಲಕ್ಷ. ಆ ಅನುಭವದಿಂದ ಹುಟ್ಟಿದ, ವಿ. ಸ. ಪಾಗೆಯವರ ಹೆಸರಿನೊಂದಿಗೆ ನೆನೆಯಲ್ಪಡುವ ಉದ್ಯೋಗ ಖಾತರಿ ಯೋಜನೆಯು 1977ರಲ್ಲಿ ರಾಜ್ಯದ ಕಾಯಿದೆಯಾಗಿ, 2005ರ ಕೇಂದ್ರ ಕಾಯಿದೆಗೆ ಮಾದರಿಯಾಯಿತು. ಕೈಚಾಚಿದವನಿಗೆ ಬೇಡುವ ಅವಮಾನವಾಗದಂತೆ ಕೊಡುವುದು ಹೇಗೆಂಬ ಪ್ರಶ್ನೆಗೆ ಒಂದು ರಾಜ್ಯ ಕಂಡುಕೊಂಡ ಉತ್ತರ ಅದು.

ಇದೇ ಪ್ರಶ್ನೆಯನ್ನು ಈ ಸೀಮೆಯ ಸಂತರ ಕಥೆಗಳೂ ಕೇಳಿವೆ. ಪಂಢರಪುರದಾಚೆಯ ಮಂಗಳವೇಢೆಯನ್ನು ಕನ್ನಡಿಗರು ಮರೆಯುವಂತಿಲ್ಲ. ಅದೇ ನಮ್ಮ ಮಂಗಳವಾಡ, ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಕರಣಿಕರಾಗಿದ್ದರೆಂದು ಪ್ರತೀತಿಯಿರುವ ಊರು. ಕೆಲವು ಶತಮಾನಗಳ ತರುವಾಯ ಅದೇ ಊರಿನಲ್ಲಿ ಬೀದರಿನ ಸುಲ್ತಾನನ ಅಧಿಕಾರಿಯಾಗಿ ದಾಮಾಜಿಪಂತರಿದ್ದರು. ಬರಗಾಲದಲ್ಲಿ ಜನ ಸಾಯುವುದನ್ನು ನೋಡಲಾರದೆ ಅವರು ಸರಕಾರದ ಕಣಜದ ಬೀಗ ತೆಗೆದರು. ತಲೆ ಹೋಗುವ ಅಪರಾಧ. ಸುಲ್ತಾನನ ಕರೆ ಬಂತು. ದಾಮಾಜಿ ದಾರಿಯಲ್ಲಿರುವಾಗಲೇ ‘ವಿಠು’ ಎಂಬ ಹೆಸರಿನ ಮಹಾರ ಸೇವಕನೊಬ್ಬನು ದರಬಾರಿಗೆ ಬಂದು, ಧಾನ್ಯದ ಬೆಲೆಯ ಹೊನ್ನನ್ನು ಸುರಿದು, ರಶೀದಿ ಬರೆಯಿಸಿಕೊಂಡು ಹೋದನಂತೆ. ಆ ವಿಠು ಪಂಢರಪುರದ ವಿಠ್ಠಲನೇ ಎಂದು ಭಕ್ತರ ನಂಬಿಕೆ. ಕಥೆಯಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ್ದು ಹೊನ್ನಲ್ಲ, ರಶೀದಿ! ದೇವರೂ ರಶೀದಿಯಿಲ್ಲದೆ ಹಣ ಕೊಡಲಿಲ್ಲ. ಜನರ ಹೆಸರಿನಲ್ಲಿ ಅಕ್ಕಿಬೇಳೆ ಸಂಗ್ರಹಿಸುವ ಮಹನೀಯರು ಇದನ್ನು ಲಕ್ಷ್ಯದಲ್ಲಿಡುವುದು ಒಳ್ಳೆಯದು.

ತುಕಾರಾಮ ಮಹಾರಾಜರಂತೂ ನಮ್ಮವರೇ ಎನ್ನಬೇಕು, ಏಕೆಂದರೆ ಅವರು ಅಂಗಡಿಯವರು. 1630ರ ಸುಮಾರಿನ ಘೋರ ದುರ್ಭಿಕ್ಷದಲ್ಲಿ ಅವರ ವ್ಯಾಪಾರ ಮುಳುಗಿತು. ಹಿರಿಯ ಹೆಂಡತಿ ಅನ್ನವಿಲ್ಲದೆ ತೀರಿಕೊಂಡರು. ಮನೆಯಲ್ಲಿ ಉಳಿದಿದ್ದ ಆಸ್ತಿಯೆಂದರೆ ಜನರು ಬರೆದುಕೊಟ್ಟಿದ್ದ ಸಾಲಪತ್ರಗಳು. ಅವುಗಳಲ್ಲಿ ತಮ್ಮನ ಪಾಲನ್ನು ಅವನಿಗೆ ಕೊಟ್ಟು, ತಮ್ಮ ಪಾಲನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರೆಂದು ಸಂಪ್ರದಾಯ ಹೇಳುತ್ತದೆ. ತಮ್ಮನ ಪಾಲನ್ನು ಮುಳುಗಿಸಲಿಲ್ಲವೆಂಬುದನ್ನು ಗಮನಿಸಬೇಕು. ಅವರ ಪಾಲಕಿ ಪ್ರತಿ ವರ್ಷ ಆಷಾಢದ ವಾರಿಯಲ್ಲಿ ದೇಹುವಿನಿಂದ ಪಂಢರಪುರಕ್ಕೆ ಹೋಗುವಾಗ ಬಾರಾಮತಿಯಲ್ಲಿ ಬೀಡು ಬಿಡುತ್ತದೆ. ಅಂದು ಈ ಊರಿನಲ್ಲಿ ವಾರಕರಿಗಳಿಗೆ ಪಿಠಲೆ ಭಾಕರಿ ಬಡಿಸುವವರೂ ಕಾಲು ಒತ್ತುವವರೂ ಹರಿದ ಚಪ್ಪಲಿ ಹೊಲಿದುಕೊಡುವವರೂ ಎಷ್ಟು ಮಂದಿ! ನಾವು ಇಲ್ಲಿ ಹೋಟೆಲು ತೆರೆದ ಮೊದಲ ವರ್ಷ, ಅಂದು ಒಳ್ಳೆಯ ವ್ಯಾಪಾರವಾದೀತೆಂದು ದುಪ್ಪಟ್ಟು ಹಿಟ್ಟು ರುಬ್ಬಿಸಿ ಕಾದು ಕುಳಿತೆವು. ಊರೆಲ್ಲ ಪುಕ್ಕಟೆ ಬಡಿಸುತ್ತಿರುವಾಗ ನಮ್ಮ ಇಡ್ಲಿಯನ್ನು ಕೊಳ್ಳುವವರಾರು? ಸಂಜೆ ಉಳಿದುದನ್ನು ಹೊತ್ತುಕೊಂಡು ಹೋಗಿ ಬೀಡಿನಲ್ಲಿ ಹಂಚಿಬಂದೆವು. ಅದು ದಾನವಲ್ಲ, ಹಳಸುವ ಸರಕಿನ ವಿಲೇವಾರಿ. ಆದರೆ ಮರುದಿನ ಬೆಳಿಗ್ಗೆ ಅಕ್ಕಪಕ್ಕದ ಅಂಗಡಿಯವರು ನಮ್ಮನ್ನು ನೋಡಿ ನಕ್ಕ ನಗೆ ಬೇರೆಯಾಗಿತ್ತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 2020ರ ಮಾರ್ಚ್ 25, ದೇಶವೆಲ್ಲ ಬಾಗಿಲು ಹಾಕಿದ ಮೊದಲ ದಿನ, ಯುಗಾದಿ ಹಬ್ಬ. ಎಸ್‌ಟಿ ಸ್ಟ್ಯಾಂಡಿನ ಹತ್ತಿರದ ನಮ್ಮ ಹೋಟೆಲಿನ ಷಟರು ಇಳಿದಿತ್ತು. ಒಳಗೆ ನಾವು, ನಮ್ಮ ಒಂಬತ್ತು ಮಂದಿ ಹುಡುಗರು, ಏಳು ಮೂಟೆ ಅಕ್ಕಿ, ಎರಡು ಮೂಟೆ ತೊಗರಿಬೇಳೆ. ಬಾಕಿ ಸಾಲ ಎಷ್ಟಿತ್ತೆಂಬುದನ್ನು ಬರೆಯುವುದಿಲ್ಲ. ಮೂರನೆಯ ದಿನ ಹಿಂದಿನ ಬಾಗಿಲನ್ನು ಯಾರೋ ತಟ್ಟಿದರು. ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಇಬ್ಬರು. ಗುತ್ತಿಗೆದಾರನ ಫೋನು ನಿಂತುಹೋಗಿತ್ತು. “ಅಣ್ಣಾರ, ಹೋಟೆಲು ಕನ್ನಡದವರದು ಅಂತ ಕೇಳಿ ಬಂದೀವಿ. ಕೂಸುಗಳಿಗೆ ಏನೂ ಇಲ್ರಿ” ಎಂದರು. ಅಂದು ನಾಲ್ವತ್ತು ಮಂದಿಗೆ ಅನ್ನ ಸಾರು ಮಾಡಿದೆವು. ನಗರಪಾಲಿಕೆಯ ಅನುಮತಿ, ಪೊಲೀಸರ ಪಾಸು ಎಲ್ಲ ಆಮೇಲೆ ಆದವು. ಎರಡನೆಯ ವಾರಕ್ಕೆ ಉಣ್ಣುವವರು ಮುನ್ನೂರಾದರು.

ಕೊಡುವುದರಲ್ಲಿರುವ ತೊಡಕುಗಳೆಲ್ಲ ಆಗ ನಮಗೆ ಒಂದೊಂದಾಗಿ ತಿಳಿದವು. ಸಾಲಿನಲ್ಲಿದ್ದ ಗಾರೆ ಕೆಲಸದವರೊಬ್ಬರು ಎರಡು ದಿನ ಉಂಡು, ಮೂರನೆಯ ದಿನ ತಟ್ಟೆ ಹಿಡಿಯಲೊಲ್ಲೆನೆಂದರು. “ಪುಕ್ಕಟೆ ಉಂಡರ ಉಂಡಂಗ ಆಗೂದಿಲ್ರಿ. ಏನರ ಕೆಲಸ ಕೊಡ್ರಿ” ಎಂಬುದು ಅವರ ಹಟ. ಭಟಾರಖಾನೆಯ ಒಲೆಯ ಕಟ್ಟೆ ಬಿರುಕು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದನ್ನು ಅವರು ಕಿತ್ತು ಹೊಸದಾಗಿ ಕಟ್ಟಿದರು. ಅವರನ್ನು ಕಂಡು ಉಳಿದವರೂ ಸರದಿಯ ಮೇಲೆ ತರಕಾರಿ ಹೆಚ್ಚುವುದಕ್ಕೂ ಪಾತ್ರೆ ಬೆಳಗುವುದಕ್ಕೂ ನಿಂತರು. ಅಲ್ಲಿಗೆ ಅದು ನಮ್ಮ ಅನ್ನಛತ್ರವಾಗಿ ಉಳಿಯಲಿಲ್ಲ. ಇಂಗುಕೆರೆಗಳನ್ನು ಕಟ್ಟಿಸಿದವರು ಅರ್ಧ ಶತಮಾನದ ಹಿಂದೆ ಕಂಡುಕೊಂಡಿದ್ದನ್ನು ನಾವು ಒಬ್ಬ ಗಾರೆಯವರಿಂದ ಕಲಿಯಬೇಕಾಯಿತು. ಸರಕಾರವು ಅದೇ ವರ್ಷ ಜನವರಿ 26ರಂದು ಹತ್ತು ರೂಪಾಯಿಗೆ ಆರಂಭಿಸಿದ್ದ ಶಿವಭೋಜನ ಥಾಳಿಯ ದರವನ್ನು ಆ ದಿನಗಳಲ್ಲಿ ಐದು ರೂಪಾಯಿಗೆ ಇಳಿಸಿತು. ‘ಆ ಐದು ರೂಪಾಯಿಯನ್ನಾದರೂ ಏಕೆ ಪಡೆಯಬೇಕು’ ಎಂದು ಆಗ ನಾವು ವಾದಿಸಿದ್ದುಂಟು. ಈಗ ವಾದಿಸುವುದಿಲ್ಲ.

ಏಪ್ರಿಲ್ ಎರಡನೆಯ ವಾರ ಅಕ್ಕಿ ತೀರಿತು. ಇದನ್ನು ನಾವು ಯಾರಿಗೂ ಹೇಳಿರಲಿಲ್ಲ, ಹುಡುಗರು ಹೇಳಿದ್ದಿರಬೇಕು. ಮರುದಿನ ಕಾಲುವೆಯ ಭಾಗದ ರೈತರೊಬ್ಬರು ಒಂದು ಟೆಂಪೋ ತುಂಬ ಕೋಸು ಮತ್ತು ಟೊಮೆಟೊ ತಂದು ಬಾಗಿಲಲ್ಲಿ ಇಳಿಸಿದರು. ಮಾರುಕಟ್ಟೆಯಿಲ್ಲದೆ ಹೊಲದಲ್ಲೇ ಕೊಳೆಯುತ್ತಿದ್ದ ಮಾಲು. ನಮಗೆ ಅಕ್ಕಿ ಹಾಕುವ ಮಾರವಾಡಿ ವ್ಯಾಪಾರಿಗಳು ಹಳೆಯ ಬಾಕಿಯ ಮಾತೆತ್ತದೆ ಹತ್ತು ಮೂಟೆ ಕಳುಹಿಸಿ, ‘ಹೋಟೆಲು ತೆರೆದ ಮೇಲೆ ನೋಡೋಣ ಅಣ್ಣಾ’ ಎಂದು ಚೀಟಿ ಬರೆದಿದ್ದರು. ಆ ಹೊತ್ತಿಗೆ ಊರಿಗೆ ಊರೇ ಕೆಲಸಕ್ಕೆ ನಿಂತಿತ್ತು. ರಾಜಸ್ಥಾನದ ಭೀಲ್ವಾಡಾ ಜಿಲ್ಲೆಯ ಕ್ರಮವನ್ನು ಅನುಸರಿಸಿ ಬಾರಾಮತಿಯ ಬೀದಿಗಳನ್ನು ಮುಚ್ಚಿ, ಸ್ವಯಂಸೇವಕರ ಮೂಲಕ ಮನೆಮನೆಗೆ ಕಿರಾಣಿ, ಔಷಧಿ, ತರಕಾರಿ ತಲುಪಿಸುವ ಏರ್ಪಾಡಾಯಿತು. ಸಕ್ಕರೆ ಕಾರ್ಖಾನೆಗಳ ಗದ್ದೆಗಳಲ್ಲಿ ಸಿಕ್ಕಿಬಿದ್ದಿದ್ದ, ರಾಜ್ಯದಲ್ಲೆಲ್ಲ ಲಕ್ಷಕ್ಕೂ ಮಿಕ್ಕಿದ್ದ ಕಬ್ಬು ಕಡಿಯುವವರಿಗೆ ಏಪ್ರಿಲ್ ಮಧ್ಯದಲ್ಲಿ ಊರಿಗೆ ಹೋಗುವ ಅನುಮತಿ ಸಿಕ್ಕಿತು.

ನಮ್ಮ ಬಾಗಿಲಿಗೆ ಬರುತ್ತಿದ್ದ ಕನ್ನಡದ ಕೂಲಿಕಾರರಿಗೆ ಅನ್ನದಷ್ಟೇ ಅಗತ್ಯವಾಗಿ ಬೇಕಾಗಿದ್ದುದು ಸುದ್ದಿ. ರೈಲು ಯಾವಾಗ? ಗಡಿ ತೆರೆದಿದೆಯೇ? ಅರ್ಜಿ ಎಲ್ಲಿ ಹಾಕುವುದು? ಫೋನುಗಳಲ್ಲಿ ಸುಳ್ಳುಸುದ್ದಿಗಳು ಹರಿದಾಡುತ್ತಿದ್ದವು. ಅದಕ್ಕಾಗಿ ನಾವು ಪ್ರತಿ ಸಂಜೆ ಒಂದು ದೊಡ್ಡ ಹಾಳೆಯ ಮೇಲೆ, ವಿಚಾರಿಸಿ ಖಾತ್ರಿ ಮಾಡಿಕೊಂಡ ಸುದ್ದಿಯನ್ನು ಕನ್ನಡದಲ್ಲಿ ಬರೆದು ಷಟರಿಗೆ ಅಂಟಿಸತೊಡಗಿದೆವು. ಅದರ ಪಕ್ಕದಲ್ಲಿ ದಾಮಾಜಿಯ ರಶೀದಿಯನ್ನು ನೆನೆದು ಅಂದಂದಿನ ಅಕ್ಕಿಬೇಳೆಯ ಲೆಕ್ಕ. ಲೆಕ್ಕದ ಹಾಳೆಯನ್ನು ನಮ್ಮ ಮೋರಿಯ ಹುಡುಗ ಬರೆಯುತ್ತಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಎರಡು ತಿಂಗಳಲ್ಲಿ ಕನ್ನಡ, ಮರಾಠಿ ಎರಡರಲ್ಲೂ ತಪ್ಪಿಲ್ಲದೆ ಬರೆಯುವಂತಾದ. ಇಂದು ಆ ಹೋಟೆಲಿನ ಗಲ್ಲೆಯ ಮೇಲೆ ಕುಳಿತಿರುವವನು ಅವನೇ. ಮೇ 1ರಂದು ಶ್ರಮಿಕ ರೈಲುಗಳು ಹೊರಟ ಸುದ್ದಿಯನ್ನು ಬರೆದ ದಿನ ಹಾಳೆಯ ಮುಂದೆ ಜನ ಚಪ್ಪಾಳೆ ತಟ್ಟಿದರು. ಮೇ 18ರಂದು, ಮಹಾರಾಷ್ಟ್ರವೂ ಸೇರಿ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಕರ್ನಾಟಕದಲ್ಲಿ ಪ್ರವೇಶವಿಲ್ಲವೆಂಬ ಸುದ್ದಿಯನ್ನೂ ನಾವೇ ಬರೆಯಬೇಕಾಯಿತು. ಹೊರಡಲು ಗಂಟುಮೂಟೆ ಕಟ್ಟಿದ್ದವರು ಅದನ್ನು ಓದಿ ಒಂದು ಮಾತೂ ಆಡದೆ ಗಂಟುಗಳನ್ನು ಬಿಚ್ಚಿದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹೊರನಾಡಿನ ಕನ್ನಡಿಗನಿಗೆ ನಿತ್ಯವೂ ಒಂದು ಹಾಳೆ ಬೇಕೆಂಬ ಯೋಚನೆ ನಮ್ಮ ತಲೆಯಲ್ಲಿ ಹೊಕ್ಕುದು ಅಂದು. ವಾಚಕರು ಇದನ್ನು ಓದುತ್ತಿರುವ ಪುಟಕ್ಕೂ ಆ ಷಟರಿಗೂ ಇರುವ ನಂಟು ಇಷ್ಟೇ. ಇದನ್ನು ಜಮೆಯ ಕಡೆಗೆ ಬರೆಯಬೇಕೋ ಖರ್ಚಿನ ಕಡೆಗೆ ಬರೆಯಬೇಕೋ ಎಂಬುದರಲ್ಲಿ ನಮಗೂ ನಮ್ಮ ಮನೆಯವರಿಗೂ ಭಿನ್ನಾಭಿಪ್ರಾಯವಿದೆ.

ಕೊಟ್ಟವರಿಗೆ ಬರುವ ಸುಖವನ್ನು ಅಳೆದು ನೋಡಿದವರೂ ಇದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಡನ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬೆಳಿಗ್ಗೆ ಜನರ ಕೈಗೆ ಐದು ಅಥವಾ ಇಪ್ಪತ್ತು ಡಾಲರು ಕೊಟ್ಟು, ಸಂಜೆ ಐದರೊಳಗೆ ಕೆಲವರು ತಮಗಾಗಿಯೂ ಕೆಲವರು ಇತರರಿಗಾಗಿಯೂ ಖರ್ಚು ಮಾಡಬೇಕೆಂದು ಹೇಳಲಾಯಿತು. ಸಂಜೆ ವಿಚಾರಿಸಿದಾಗ ಇತರರಿಗೆ ಖರ್ಚು ಮಾಡಿದವರೇ ಹೆಚ್ಚು ಸಂತೋಷದಲ್ಲಿದ್ದರು. ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಕೇಳಲು ಹಿತವಾಗಿದೆ. ಆದರೆ ಅವರು ಕೊಟ್ಟುದು ಬೆಳಿಗ್ಗೆ ಅನಾಯಾಸವಾಗಿ ಸಿಕ್ಕ ಹಣ. ಬ್ಯಾಂಕಿನ ಕಂತನ್ನು ಎದುರಿಗಿಟ್ಟುಕೊಂಡು ಅಕ್ಕಿಯ ಮೂಟೆ ಬಿಚ್ಚುವವನಿಗೆ ಸಂಜೆ ಐದಕ್ಕೆ ಸಂತೋಷವಾಗುತ್ತದೆಂದು ನಾವು ಹೇಳಲಾರೆವು. ನಮಗೆ ಆಗುತ್ತಿದ್ದುದು ಹೆದರಿಕೆ. ಆದುದರಿಂದ, ಅಂದು ಕೊಡಲಾರದೆ ಹೋದ ನಮ್ಮ ಸ್ನೇಹಿತರನ್ನು ಯಾರೂ ಕಡಿಮೆಯಾಗಿ ನೋಡಬಾರದೆಂಬುದು ನಮ್ಮ ಪ್ರಾಮಾಣಿಕ ಅಭಿಪ್ರಾಯ. ತುಕಾರಾಮರೂ ಮುಳುಗಿಸಿದುದು ತಮ್ಮ ಪಾಲನ್ನು ಮಾತ್ರ.

ಇಷ್ಟನ್ನು ಸ್ನೇಹಿತರಿಗೆ ಹೇಳಿದೆವು. ಒಂದನ್ನು ಹೇಳಲಿಲ್ಲ, ನಾಚಿಕೆಯಾಯಿತು. ಅದನ್ನು ಇಲ್ಲಿ ಬರೆಯುತ್ತೇವೆ.

ಮೊದಲ ವಾರದಲ್ಲಿ ಅಕ್ಕಿ ಎಲ್ಲಿ ಸಾಲದೆ ಹೋಗುವುದೋ ಎಂದು ನಾವು ಬಾಗಿಲಲ್ಲಿ ನಿಂತು ‘ನಿಮ್ಮದು ಯಾವ ಊರು?’ ಎಂದು ಕೇಳಿ ಕೊಡುತ್ತಿದ್ದೆವು. ನಮ್ಮ ಕನ್ನಡದವರು ಮೊದಲು, ಉಳಿದರೆ ಇತರರಿಗೆ. ಇದರಲ್ಲಿ ತಪ್ಪೇನೆಂದು ನಮಗೆ ತೋರಿರಲಿಲ್ಲ. ಪರಸ್ಥಳದಲ್ಲಿ ನಮ್ಮವರನ್ನು ನಾವಲ್ಲದೆ ಯಾರು ನೋಡುತ್ತಾರೆ? ನಾಲ್ಕನೆಯ ದ���ನವೋ ಐದನೆಯ ದಿನವೋ ಸಾಲಿನ ಕೊನೆಯಲ್ಲಿ ಒಬ್ಬ ಮರಾಠಿ ಅಜ್ಜಿ ಅಲ್ಯೂಮಿನಿಯಂ ಡಬ್ಬಿ ಹಿಡಿದು ನಿಂತಿದ್ದರು. ನಮ್ಮ ಹೋಟೆಲಿಗೆ ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಕೊತ್ತಂಬರಿ ಸೊಪ್ಪು ತರುತ್ತಿದ್ದವರು. ಬಾಯಿಗೆ ಕಟ್ಟಿದ್ದ ಬಟ್ಟೆಯಿಂದಾಗಿ ನಾವು ಗುರುತಿಸಲಿಲ್ಲವೆಂದು ಹೇಳಿದರೆ ಅದು ಅರ್ಧ ಸತ್ಯ. ಅವರ ಸರದಿ ಬಂದಾಗ ಪಾತ್ರೆಯಲ್ಲಿ ಸ್ವಲ್ಪವೇ ಉಳಿದಿತ್ತು. ಹಿಂದೆ ಕಲಬುರ್ಗಿಯ ಒಂದು ಸಂಸಾರ ನಿಂತಿತ್ತು. ‘ಇದು ಕನ್ನಡದವರಿಗಾಗಿ ಮಾಡಿದ್ದು, ಆಜಿ’ ಎಂದೆವು. ಅವರು ಡಬ್ಬಿಯ ಮುಚ್ಚಳ ಹಾಕಿ, “ಬರಂ ಬಾಳಾ,” ಆಗಲಿ ಮಗಾ, ಎಂದಷ್ಟೇ ಹೇಳಿ ಹೊರಟುಹೋದರು.

ಬಡಿಸುತ್ತಿದ್ದ ಹುಡುಗ ಸೌಟನ್ನು ಕೆಳಗಿಟ್ಟ. “ಧನಿಗಳೇ, ಇಷ್ಟು ವರ್ಷ ನಮ್ಮ ಸಾರಿಗೆ ಬಿದ್ದದ್ದು ಯಾರ ಕೊತ್ತಂಬರಿ?” ಎಂದ. ಒಂಬತ್ತು ವರ್ಷ ನಮ್ಮಲ್ಲಿದ್ದು ಒಮ್ಮೆಯೂ ಎದುರುತ್ತರ ಕೊಡದವನು.

ಮರುದಿನ ಬೆಳಿಗ್ಗೆಯಿಂದ ಊರು ಕೇಳುವುದನ್ನು ನಿಲ್ಲಿಸಿದೆವು. ಅಜ್ಜಿಯ ಮನೆಯನ್ನು ಹುಡುಕಿಕೊಂಡು ಹೋಗಿ ಡಬ್ಬಿ ಕೊಟ್ಟೆವು. ತೆಗೆದುಕೊಂಡರು, ಆದರೆ ನಮ್ಮ ಮುಖ ನೋಡಲಿಲ್ಲ. ಆಮೇಲೆ ಎರಡು ತಿಂಗಳೂ ಹುಡುಗನೇ ಒಯ್ದು ಕೊಟ್ಟುಬರುತ್ತಿದ್ದ. ನಾವು ಮತ್ತೊಮ್ಮೆ ಹೋದಾಗ ಒಳಗಿನಿಂದಲೇ ‘ಹುಡುಗನನ್ನು ಕಳಿಸು’ ಎಂಬ ಉತ್ತರ ಬಂತು.

ಮಹಾರಾಷ್ಟ್ರದಲ್ಲಿ ಹೋಟೆಲುಗಳೊಳಗೆ ಕುಳಿತು ತಿನ್ನಲು ಅನುಮತಿ ಬಂದುದು ಅದೇ ವರ್ಷದ ಅಕ್ಟೋಬರ್ 5ರಂದು. ಆರು ತಿಂಗಳ ತರುವಾಯ ಗಾರೆಯವರು ಕಟ್ಟಿಕೊಟ್ಟ ಒಲೆಯ ಮೇಲೆ ಸಾರು ಇಟ್ಟು, ಗಲ್ಲೆಯ ಮುಂದೆ ಊದುಬತ್ತಿ ಹಚ್ಚುತ್ತಿದ್ದೆವು. ಆರು ಗಂಟೆಗೆ ಹಿಂದಿನ ಬಾಗಿಲಲ್ಲಿ ಅಜ್ಜಿಯ ಬುಟ್ಟಿ ಇಳಿಯಿತು. ದರ ಕೇಳಿದೆವು. ಮೊದಲಿಗಿಂತ ಒಂದು ರೂಪಾಯಿ ಹೆಚ್ಚು ಹೇಳಿದರು. ಚೌಕಾಸಿ ಮಾಡದೆ ಹಣ ಎಣಿಸಿ ಕೊಟ್ಟೆವು. ಅವರು ಅದನ್ನು ಎರಡು ಸಾರಿ ಎಣಿಸಿ ಸೆರಗಿನ ಗಂಟಿಗೆ ಹಾಕಿಕೊಂಡರು. ಬುಟ್ಟಿಯನ್ನು ತಲೆಯ ಮೇಲಿಡಲು ಬಗ್ಗಿದವರು ನಿಂತು, ತಳದಿಂದ ಒಂದು ಹಿಡಿ ಕರಿಬೇವನ್ನು ತೆಗೆದು, ಹಿಂದೆಲ್ಲ ಹಾಕುತ್ತಿದ್ದಂತೆಯೇ ಕೊಸರು ಹಾಕಿ ಹೋದರು.